ಅಮ್ಮನ ಕಲ್ಚರ್ ರಿಪೋರ್ಟಿನಲ್ಲಿ ಒಂದು ಔಷಧಿಗೆ ‘ಆರ್’, ಇನ್ನೊಂದಕ್ಕೆ ‘ಎಸ್’ ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಅಮ್ಮನಿಗೆ 68 ವರ್ಷ. ಉರಿಮೂತ್ರ ಅಂತ ಹತ್ತಿರದ ಕ್ಲಿನಿಕ್ಕಿಗೆ ಹೋದಾಗ ಅಮಾಕ್ಸಿಸಿಲಿನ್ ಕೊಟ್ಟರು. ಮೂರು ದಿನ ನುಂಗಿದರೂ ಉರಿ ಕಮ್ಮಿಯಾಗಲಿಲ್ಲ. ಮೂತ್ರದ ಕಲ್ಚರ್ ಮಾಡಿಸಿದೆವು, ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾ ಅಂತ ಬಂತು. ಆಂಪಿಸಿಲಿನ್, ಸಿಪ್ರೊಫ್ಲಾಕ್ಸಾಸಿನ್ ಮುಂದೆ ‘ಆರ್’ ಅಂತಿದೆ, ನೈಟ್ರೊಫ್ಯುರಾಂಟಾಯಿನ್ ಮುಂದೆ ‘ಎಸ್’. ಈಗ ಅದನ್ನೇ ಕೊಟ್ಟಿದ್ದಾರೆ. ಎಲ್ಲವೂ ಆಂಟಿಬಯೋಟಿಕ್ಕೇ ಅಲ್ವಾ? ಒಂದರಿಂದ ಸಾಯದ್ದು ಇನ್ನೊಂದರಿಂದ ಹೇಗೆ ಸಾಯುತ್ತದೆ?

ಉತ್ತರ: ನಾನು ಮೈಕ್ರೊಬಯಾಲಜಿ ಲ್ಯಾಬಿನವಳು. ಇಂಥ ರಿಪೋರ್ಟಿಗೆ ದಿನವೂ ಸಹಿ ಹಾಕುತ್ತೇನೆ. ಒಬ್ಬರಾದರೂ ಹೀಗೆ ಕೇಳಿದರಲ್ಲ ಅಂತ ಖುಷಿಯಾಯಿತು.

ಮೊದಲು ಆ ‘ಆರ್’, ‘ಎಸ್’ ಎಲ್ಲಿಂದ ಬರುತ್ತವೆ ನೋಡಿ. ಅಂಗೈಯಗಲದ ತಟ್ಟೆಯಲ್ಲಿ ಅಗರ್ ಅನ್ನುವ ಜೆಲ್ಲಿ ಹಾಕಿ, ಅದರ ಮೇಲೆ ಅಮ್ಮನ ಮೂತ್ರದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ಹತ್ತಿಯ ಕಡ್ಡಿಯಿಂದ ಎಲ್ಲ ಕಡೆ ಸವರುತ್ತೇವೆ. ಔಷಧಿ ಹೀರಿಸಿದ 6 ಮಿಲಿಮೀಟರಿನ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ, ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಔಷಧಿ. ಸುಮಾರು 35 ಡಿಗ್ರಿ ಶಾಖದಲ್ಲಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ತೆಗೆದರೆ ತಟ್ಟೆಯ ತುಂಬ ಬೂದು ಬಣ್ಣದ ಪದರ ಬೆಳೆದಿರುತ್ತದೆ. ಕೆಲವು ಬಿಲ್ಲೆಗಳ ಸುತ್ತ ಮಾತ್ರ ದುಂಡಗೆ ಖಾಲಿ ಜಾಗ. ಆ ಜಾಗವನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ಸಾಕಷ್ಟು ಅಗಲವಿದ್ದರೆ ‘ಎಸ್’, ಅಂದರೆ ಆ ಔಷಧಿ ನಾಟುತ್ತದೆ. ತೀರಾ ಕಿರಿದಾಗಿದ್ದರೆ, ಅಥವಾ ಬಿಲ್ಲೆಯ ಅಂಚಿನವರೆಗೂ ಬೆಳೆದು ನಿಂತಿದ್ದರೆ ‘ಆರ್’, ಅಂದರೆ ನಾಟುವುದಿಲ್ಲ. ಅಮಾಕ್ಸಿಸಿಲಿನ್ ಆಂಪಿಸಿಲಿನ್ನಿನ ಅಣ್ಣತಮ್ಮನೇ, ಹಾಗಾಗಿ ಅದೂ ನಾಟಲಿಲ್ಲ.

ಈಗ ಕೊಲ್ಲುವ ವಿಷಯ. ಒಳ್ಳೆಯ ಆಂಟಿಬಯೋಟಿಕ್ಕು ಬ್ಯಾಕ್ಟೀರಿಯಾದಲ್ಲಿ ಇದ್ದು ನಮ್ಮಲ್ಲಿ ಇಲ್ಲದ, ಅಥವಾ ನಮ್ಮಲ್ಲಿ ಬೇರೆ ಥರ ಇರುವ ಭಾಗವನ್ನು ಹುಡುಕಿ ಹೊಡೆಯುತ್ತದೆ. ಅಮಾಕ್ಸಿಸಿಲಿನ್ ಹೊಡೆಯುವುದು ಗೋಡೆಗೆ. ಬ್ಯಾಕ್ಟೀರಿಯಾದ ಒಳಗೆ ಒತ್ತಡ ಜಾಸ್ತಿ. ಸೈಕಲ್ ಟ್ಯೂಬನ್ನು ಟೈರ್ ಹಿಡಿದಿಡುವ ಹಾಗೆ ಅದನ್ನು ಒಂದು ಗಟ್ಟಿ ಬಲೆ ಹಿಡಿದಿಟ್ಟಿರುತ್ತದೆ. ಬೆಳೆಯಬೇಕಾದರೆ ಆ ಬಲೆಯನ್ನು ಅಲ್ಲಲ್ಲಿ ಕತ್ತರಿಸಿ, ಹೊಸ ಎಳೆ ಸೇರಿಸಿ, ಮತ್ತೆ ಹೆಣೆಯಬೇಕು. ಹೆಣೆಯುವ ಕೆಲಸ ಕೆಲವು ಎಂಜೈಮುಗಳದ್ದು. ಪೆನಿಸಿಲಿನ್ ಜಾತಿಯ ಔಷಧಿ ಹೋಗಿ ಅವಕ್ಕೇ ಅಂಟಿಕೊಳ್ಳುತ್ತದೆ. ಕತ್ತರಿಸುವುದು ನಡೆಯುತ್ತಲೇ ಇರುತ್ತದೆ, ಹೆಣೆಯುವುದು ನಿಂತಿರುತ್ತದೆ. ಟೈರ್ ಹರಿದ ಕಡೆ ಟ್ಯೂಬ್ ಹೇಗೆ ಉಬ್ಬುತ್ತದೋ ಹಾಗೆ ಉಬ್ಬಿ, ನೀರು ನುಗ್ಗಿ ಒಡೆದುಹೋಗುತ್ತದೆ. ನಮ್ಮ ಜೀವಕೋಶಕ್ಕೆ ಇಂಥ ಗೋಡೆಯೇ ಇಲ್ಲ, ಅದಕ್ಕೇ ನಮಗೆ ಪೆಟ್ಟು ಬೀಳುವುದಿಲ್ಲ.

ಇಂಥ ‘ಆರ್’ ಬಂದ ಇ. ಕೋಲಿ ಸಾಮಾನ್ಯವಾಗಿ ಬೀಟಾ ಲ್ಯಾಕ್ಟಮೇಸ್ ಅನ್ನುವ ಎಂಜೈಮು ತಯಾರಿಸುತ್ತದೆ. ಔಷಧಿ ಗೋಡೆ ಮುಟ್ಟುವ ಮೊದಲೇ ಅದು ಔಷಧಿಯ ಅಣುವಿನಲ್ಲಿರುವ ಉಂಗುರದಂಥ ಮುಖ್ಯ ಭಾಗವನ್ನು ಒಡೆದುಹಾಕುತ್ತದೆ. ಕೆಲವು ಮಾತ್ರೆಗಳಲ್ಲಿ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆ್ಯಸಿಡ್ ಸೇರಿಸುವುದು ಈ ಎಂಜೈಮನ್ನು ಕಟ್ಟಿಹಾಕಲು.

ಸಿಪ್ರೊಫ್ಲಾಕ್ಸಾಸಿನ್ ಗೋಡೆಯ ತಂಟೆಗೇ ಹೋಗುವುದಿಲ್ಲ. ಡಿಎನ್‌ಎಯ ಸಿಕ್ಕು ಬಿಡಿಸುವ ಎಂಜೈಮನ್ನು ಕೆಲಸದ ಮಧ್ಯದಲ್ಲೇ ಹಿಡಿದು ನಿಲ್ಲಿಸುತ್ತದೆ, ಡಿಎನ್‌ಎ ತುಂಡಾಗುತ್ತದೆ. ಆ ಎಂಜೈಮಿನ ಆಕಾರ ಸ್ವಲ್ಪ ಬದಲಾದರೂ ಔಷಧಿಗೆ ಹಿಡಿತ ಸಿಗುವುದಿಲ್ಲ.

ನೈಟ್ರೊಫ್ಯುರಾಂಟಾಯಿನ್ ಬಗೆ ಬೇರೆ. ಒಳಗೆ ಹೋದ ಮೇಲೆ ಬ್ಯಾಕ್ಟೀರಿಯಾದ ಎಂಜೈಮುಗಳೇ ಅದನ್ನು ವಿಷವಾಗಿ ಮಾರ್ಪಡಿಸುತ್ತವೆ. ಆ ವಿಷ ಡಿಎನ್‌ಎ, ಪ್ರೋಟೀನು, ರೈಬೋಸೋಮು ಎಲ್ಲಕ್ಕೂ ಒಟ್ಟಿಗೆ ಹಾನಿ ಮಾಡುತ್ತದೆ. ನಾಲ್ಕೂ ಕಡೆಯಿಂದ ಪೆಟ್ಟು ಬಿದ್ದರೆ ತಪ್ಪಿಸಿಕೊಳ್ಳುವುದು ಕಷ್ಟ. 1950ರ ದಶಕದ ಈ ಹಳೆಯ ಔಷಧಿ ಇಂದಿಗೂ ಉರಿಮೂತ್ರಕ್ಕೆ ನಾಟುತ್ತಿದೆ ಅಂದರೆ ಅದೊಂದು ಮುಖ್ಯ ಕಾರಣ.

ಇನ್ನೊಬ್ಬ ಸದಸ್ಯರು: ಹಾಗಾದ್ರೆ ನೆಗಡಿಗೆ ನಾವು ಮೆಡಿಕಲ್ ಶಾಪಿನಿಂದ ತಂದು ನುಂಗುವ ಅಜಿಥ್ರೊಮೈಸಿನ್ ಎಲ್ಲಿ ಹೊಡೆಯುತ್ತೆ?

ಉತ್ತರ: ರೈಬೋಸೋಮಿಗೆ ಸರ್. ಪ್ರೋಟೀನು ತಯಾರಾಗುವ ಜಾಗ ಅದು. ತಯಾರಾದ ಎಳೆ ಹೊರಗೆ ಬರುವ ಸಂದಿಯಲ್ಲೇ ಈ ಔಷಧಿ ಅಡ್ಡ ಕೂರುತ್ತದೆ. ಬ್ಯಾಕ್ಟೀರಿಯಾ ಹೆಚ್ಚಿನ ಸಲ ಕೂಡಲೇ ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ. ಉಳಿದದ್ದನ್ನು ನಮ್ಮ ಬಿಳಿ ರಕ್ತಕಣಗಳು ಮುಗಿಸುತ್ತವೆ. ಆದರೆ ನೆಗಡಿ ಬರುವುದು ವೈರಸ್ಸಿನಿಂದ. ವೈರಸ್ಸಿಗೆ ಗೋಡೆಯೂ ಇಲ್ಲ, ಸ್ವಂತ ರೈಬೋಸೋಮೂ ಇಲ್ಲ. ನಿಮ್ಮ ಮಾತ್ರೆಗೆ ಅಲ್ಲಿ ಹೊಡೆಯಲು ಏನೂ ಸಿಗದು. ಸುಮ್ನೆ ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಸಾಯದೆ ಉಳಿದ ಗಟ್ಟಿ ಜಾತಿಯವು ಬೆಳೆಯುತ್ತವೆ. ದಯವಿಟ್ಟು ಹಾಗೆ ತರಬೇಡಿ. ಇಂಥ ‘ಆರ್’ಗಳನ್ನು ದಿನವೂ ಬರೆಯುವವಳಾಗಿ ಕೇಳಿಕೊಳ್ಳುತ್ತಿದ್ದೇನೆ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಇನ್ನೊಂದು ಮಾತು. ನಿನ್ನೆಯಿಂದ ಅಮ್ಮನಿಗೆ ಮೂತ್ರ ಕಂದು ಬಣ್ಣಕ್ಕೆ ಹೋಗುತ್ತಿದೆ. ಹೆದರಿ ಬೆಳಿಗ್ಗೆಯ ಮಾತ್ರೆ ಬಿಟ್ಟಿದ್ದಾರೆ. ಉರಿ ಮಾತ್ರ ಕಮ್ಮಿಯಾಗಿದೆ.

ಉತ್ತರ: ಈ ಮಾತ್ರೆಗೆ ಆ ಬಣ್ಣ ಬರುವುದುಂಟು. ಔಷಧಿ ರಕ್ತದಲ್ಲಿ ಹೆಚ್ಚು ನಿಲ್ಲದೆ ಮೂತ್ರಕ್ಕೆ ಇಳಿಯುತ್ತದೆ, ಅದರ ಬಣ್ಣವೇ ಅದು. ಬಣ್ಣ ನೋಡಿ ನಿಲ್ಲಿಸುವುದು ಬೇಡ. ಬಿಟ್ಟ ಮಾತ್ರೆಗೆ ಅಂತ ಎರಡು ಒಟ್ಟಿಗೆ ನುಂಗಿಸಬೇಡಿ, ಮುಂದಿನ ಹೊತ್ತಿನದನ್ನು ಊಟದ ಜೊತೆ ಕೊಡಿ. ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಇದು ಮೂತ್ರಕ್ಕೆ ಸಾಕಷ್ಟು ಇಳಿಯುವುದಿಲ್ಲ. ಅಮ್ಮನ ವಯಸ್ಸಿಗೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತಪರೀಕ್ಷೆ) ನೋಡಿದ್ದಾರಾ ಅಂತ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಬಣ್ಣದ ವಿಷಯವನ್ನೂ ಹೇಳಿ. ಚಳಿಜ್ವರ, ಪಕ್ಕೆ ನೋವು, ವಾಂತಿ ಶುರುವಾದರೆ ಸೋಂಕು ಕಿಡ್ನಿಗೆ ಏರಿರಬಹುದು. ಅಲ್ಲಿಗೆ ಈ ಔಷಧಿ ಸಾಲದು. ಉಸಿರಾಟಕ್ಕೆ ತೊಂದರೆಯಾದರೂ ಅಷ್ಟೇ, ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಿಪೋರ್ಟ್ ಕೈಯಲ್ಲಿರಲಿ.