ಮಸಲ್ ಕಾರಿನ ಮೊದಲ ಅಪ್‌ಗ್ರೇಡ್: ಪವರ್, ಪಿಕಪ್, ಗ್ರಿಪ್, ಯಾವುದಕ್ಕೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ದಿನಾ ಓಡಿಸೋ ಮಸಲ್ ಕಾರಿಗೆ, ಅಂದ್ರೆ ದೊಡ್ಡ ಎಂಜಿನ್ನಿನ ಜೋರು ಅಮೆರಿಕನ್ ಕಾರಿಗೆ, ಮೊದಮೊದಲು ಏನು ಬದಲಾಯಿಸಿದ್ರೆ ಒಳ್ಳೇದು ಅನ್ನೋದನ್ನ ಕನ್ನಡದಲ್ಲೇ ಒಂದು ಕೈಪಿಡಿ ತರ ಬರೀತಾ ಇದೀನಿ. ವಿಷಯ ಗೊತ್ತು, ಆದ್ರೆ ಪದಗಳ ಹತ್ರ ಕೈ ಕಟ್ಟಿಹಾಕಿದ ಹಾಗಾಗಿದೆ. ಬರೀ ಅಂದಕ್ಕೆ ಒಂದು ಕನ್ನಡ ಪದ ಬೇಕು ಅಂತ ಕೇಳ್ತಿಲ್ಲ. ಇಲ್ಲಿ ಪದ ತಪ್ಪಿದ್ರೆ ಓದೋರು ಬೇಡದ ಪಾರ್ಟಿಗೆ ದುಡ್ಡು ಸುರೀತಾರೆ, ಅದಕ್ಕೇ ಕೇಳ್ತಿರೋದು.

ಮೊದಲು "ಪರ್ಫಾರ್ಮೆನ್ಸ್". ನಿಘಂಟು ನೋಡಿದ್ರೆ ಕಾರ್ಯಕ್ಷಮತೆ, ನಿರ್ವಹಣೆ, ಸಾಧನೆ ಅಂತೆಲ್ಲ ಸಿಗತ್ತೆ. ನಿರ್ವಹಣೆ ಅಂದ್ರೆ ಎಲ್ಲರಿಗೂ ತಲೇಲಿ ಬರೋದು ಮೇಂಟೆನೆನ್ಸು, ಆಯಿಲ್ ಬದಲಾಯಿಸೋದು. ಕಾರ್ಯಕ್ಷಮತೆ ಅಂದ್ರೆ ಆಫೀಸಿನ ವರದಿ ಓದಿದ ಹಾಗಿರತ್ತೆ, ಅದೂ ಅಲ್ದೆ ದಕ್ಷತೆ ಅನ್ನೋ ಪದಕ್ಕೆ ತೀರಾ ಹತ್ರ ಇರೋದ್ರಿಂದ ಕಾರಿನ ವಿಷಯದಲ್ಲಿ ಓದಿದ ಕೂಡ್ಲೇ ಮೈಲೇಜ್ ಹೆಚ್ಚಾಗತ್ತೇನೋ ಅನ್ಸತ್ತೆ. 1964ರಲ್ಲಿ ಪಾಂಟಿಯಾಕ್ ಕಂಪನಿಯವರು ಟೆಂಪೆಸ್ಟ್ ಅನ್ನೋ ಮಧ್ಯಮ ಗಾತ್ರದ ಕಾರಿಗೆ 389 ಘನ ಇಂಚಿನ, ಅಂದ್ರೆ ಸುಮಾರು 6.4 ಲೀಟರಿನ ವಿ8 (ಎಂಟು ಸಿಲಿಂಡರಿನ) ಎಂಜಿನ್ ಕೂರ್ಸಿ ಜಿಟಿಒ ಅಂತ ಮಾರಿದ್ರಲ್ಲ, ಈ ಜಾತಿಯ ಕಾರುಗಳ ಕತೆ ಹೇಳೋರು ಬಹಳ ಜನ ಅಲ್ಲಿಂದಾನೇ ಶುರುಮಾಡ್ತಾರೆ, ಅಲ್ಲಿ ಮೈಲೇಜ್ ಮಾತೇ ಇರ್ಲಿಲ್ಲ.

ನನಗೆ ಅನ್ಸೋದು, ಪರ್ಫಾರ್ಮೆನ್ಸ್‌ಗೆ ಒಂದೇ ಪದ ಹುಡುಕೋದೇ ದಾರಿ ತಪ್ಪಿಸ್ತಿದೆ. ಅದರೊಳಗೆ ಕನಿಷ್ಠ ಮೂರು ಬೇರೆ ಬೇರೆ ಸಂಗತಿ ಇವೆ, ಎಂಜಿನ್ ಎಷ್ಟು ಪವರ್ ಕೊಡತ್ತೆ, ಗಾಡಿ ಹೆಂಗೆ ಎಳೆಯತ್ತೆ, ಟೈರ್ ಅದನ್ನ ರೋಡಿಗೆ ಎಷ್ಟು ದಾಟಿಸತ್ತೆ. ಮೂರಕ್ಕೂ "ಶಕ್ತಿ" ಅಂತ ಬರೆದುಬಿಟ್ರೆ ಓದೋರು ಸೀದಾ ಎಂಜಿನ್ ಪಾರ್ಟಿಗೆ ಕೈಹಾಕ್ತಾರೆ, ದಿನಾ ಓಡಿಸೋ ಕಾರಿಗೆ ಮೊದಲು ಬೇಕಾಗಿರೋದು ಅದಲ್ವೇ ಅಲ್ಲ.

ಶಕ್ತಿಯದ್ದೇ ಒಂದು ಗೊಂದಲ ಇದೆ. ಶಾಲೆಯ ವಿಜ್ಞಾನದಲ್ಲಿ ನಾವೆಲ್ಲ ಕಲಿತಿದ್ದು ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ, ಫೋರ್ಸ್‌ಗೆ ಬಲ ಅಂತ. ಆದ್ರೆ ಹಾರ್ಸ್‌ಪವರ್‌ಗೆ ಅಶ್ವಶಕ್ತಿ ಅಂತೀವಿ, ಅಲ್ಲಿ ಪವರ್ ಶಕ್ತಿ ಆಗಿಬಿಡ್ತು. ಅಶ್ವಶಕ್ತಿ ಚೆನ್ನಾಗಿ ಬೇರೂರಿರೋ ಪದ, ಅದನ್ನ ಕೀಳೋದು ಬೇಡ, ಆದ್ರೆ ಬರೀ "ಶಕ್ತಿ" ಅಂತ ಒಂಟಿಯಾಗಿ ಬರೆಯೋದನ್ನ ಬಿಡೋಣ ಅನ್ನೋದು ನನ್ನ ಅಭಿಪ್ರಾಯ. ಅಶ್ವಶಕ್ತಿಗೂ ಒಂದು ವಿಶೇಷಣ ಬೇಕೇ ಬೇಕು. ಹಳೇ ಮಸಲ್ ಕಾರುಗಳ ಅಂಕಿ ಅಮೆರಿಕದಲ್ಲಿ ಗ್ರಾಸ್ ಲೆಕ್ಕದಲ್ಲಿ ಬರ್ತಿತ್ತು, ಅಂದ್ರೆ ಏರ್ ಫಿಲ್ಟರು, ಕಾರಿನಲ್ಲಿರೋ ಸೈಲೆನ್ಸರು ಯಾವುದೂ ಇಲ್ದೆ ಬರೀ ಎಂಜಿನ್ನನ್ನ ಸ್ಟ್ಯಾಂಡಿಗೆ ಕಟ್ಟಿ ಅಳೆದಿದ್ದು. 1972ರ ಮಾಡೆಲ್‌ಗಳಿಂದ ಅವೆಲ್ಲ ಜೋಡಿಸಿಕೊಂಡೇ ಅಳೆಯೋ ನೆಟ್ ಲೆಕ್ಕ ಬಂತು. ಶೆವ್ರೊಲೆಯ ಕಮಾರೋ ಝಡ್28ಗೆ 1971ರಲ್ಲಿ 330 ಇದ್ದ ಅಂಕಿ 1972ರಲ್ಲಿ 255ಕ್ಕೆ ಇಳೀತು, ಎಂಜಿನ್ ಹೆಚ್ಚುಕಮ್ಮಿ ಅದೇ. ಇದಕ್ಕೆ ಒಟ್ಟು ಅಶ್ವಶಕ್ತಿ, ನಿವ್ವಳ ಅಶ್ವಶಕ್ತಿ ಅಂದ್ರೆ ಸಂಬಳದ ಲೆಕ್ಕದಷ್ಟೇ ಸಲೀಸಾಗಿ ಅರ್ಥ ಆಗತ್ತೆ, ಇದರಲ್ಲಿ ನನಗೆ ಸಂಶಯ ಇಲ್ಲ. ಇನ್ನು ಡೈನೋ ಅನ್ನೋ ಅಳತೆ ಯಂತ್ರದ ಮೇಲೆ ಚಕ್ರದಲ್ಲಿ ಅಳೆದಿದ್ದು ಇನ್ನೂ ಕಮ್ಮಿ ಬರತ್ತೆ, ಗೇರ್‌ಬಾಕ್ಸು ಆಕ್ಸಲ್ಲು ಸೇರಿ ಸುಮಾರು ಶೇಕಡಾ 15 ನುಂಗತ್ತೆ ಅಂತ ಸಾಮಾನ್ಯವಾಗಿ ಲೆಕ್ಕ ಹಾಕ್ತಾರೆ, ಅದಕ್ಕೆ ಚಕ್ರದ ಅಶ್ವಶಕ್ತಿ ಅಂತ ಬರೀತಿದೀನಿ.

ಈಗ ಟಾರ್ಕ್, ಅಂದ್ರೆ ತಿರುಗಿಸೋ ಬಲ. ಅದಕ್ಕೆ ತಿರುಗುಬಲ ಅಂತ ಬಳಸೋರಿದ್ದಾರೆ, ಒಳ್ಳೇ ಪದ, ಎಂಜಿನ್ನಿನ ಅಳತೆ ಹೇಳೋವಾಗ ಅದನ್ನೇ ಹಾಕ್ತಿದೀನಿ. ಆದ್ರೆ ಸೀಟಲ್ಲಿ ಕೂತೋನಿಗೆ ಅನುಭವಕ್ಕೆ ಬರೋದನ್ನ ಹೇಳೋಕೆ ಮೆಕ್ಯಾನಿಕ್‌ಗಳ ಬಾಯಲ್ಲಿ ಆಗ್ಲೇ ಮಾತು ಇದೆ: "ಗಾಡಿ ಎಳೀತಿಲ್ಲ", "ಪಿಕಪ್ ಇಲ್ಲ". ಅದರಿಂದ ಎಳೆತ ಅಂತ ಮಾಡಿಕೊಂಡ್ರೆ ಹೆಂಗೆ? ಇದು ಬರೀ ಸೊಗಸಿನ ಮಾತಲ್ಲ. ಹಿಂದಿನ ಆಕ್ಸಲ್ಲಿನ ಗೇರ್ ಅನುಪಾತ 3.15 ಇದ್ದಿದ್ದನ್ನ 3.55 ಮಾಡಿಸಿದ್ರೆ ಪ್ರತಿ ಗೇರಲ್ಲೂ ಚಕ್ರಕ್ಕೆ ತಲುಪೋ ತಿರುಗುಬಲ ಸುಮಾರು ಶೇಕಡಾ 12.7 ಜಾಸ್ತಿ ಆಗತ್ತೆ, ಆದ್ರೆ ಎಂಜಿನ್ನಿನ ಅಶ್ವಶಕ್ತಿ ಒಂದು ಚೂರೂ ಬದಲಾಗಲ್ಲ. "ಶಕ್ತಿ ಹೆಚ್ಚುತ್ತೆ" ಅಂತ ಬರೆದ್ರೆ ಸುಳ್ಳಾಗತ್ತೆ, "ಎಳೆತ ಹೆಚ್ಚುತ್ತೆ" ಅಂದ್ರೆ ಅಪ್ಪಟ ನಿಜ. ಜೊತೆಗೆ ಹೈವೇಲಿ ನಿಮಿಷಕ್ಕೆ 2000 ಸುತ್ತಲ್ಲಿ ಓಡ್ತಿದ್ದ ಎಂಜಿನ್ನು ಅದೇ ಸ್ಪೀಡಿಗೆ 2250ರ ಆಸುಪಾಸಲ್ಲಿ ಓಡತ್ತೆ, ದಿನಾ ಹೈವೇ ಮೇಲೆ ಹೋಗೋರಿಗೆ ಅದು ಪೆಟ್ರೋಲಲ್ಲೂ ಕಿವಿಯಲ್ಲೂ ಗೊತ್ತಾಗತ್ತೆ, ಇದನ್ನೂ ಹೇಳ್ಬೇಕು.

ನನಗೆ ನಿಜವಾಗ್ಲೂ ತೊಡಕಾಗಿರೋದು ಗ್ರಿಪ್. ಕೈಪಿಡಿಯ ಮುಖ್ಯ ಸಲಹೆನೇ ಮೊದಲ ದುಡ್ಡು ಟೈರಿಗೆ ಅನ್ನೋದು. ಯಾಕಂದ್ರೆ ಎಳೆಯೋದು, ತಿರುಗೋದು, ನಿಲ್ಲೋದು ಮೂರೂ ಆಗೋದು ಟೈರು ರೋಡಿಗೆ ತಾಗೋ ಅಂಗೈ ಅಗಲದ ನಾಲ್ಕು ಜಾಗದಲ್ಲಿ, ಈ ಕಾರುಗಳಿಗೆ ಕಂಪನಿಯಿಂದ ಬರೋ ಅಶ್ವಶಕ್ತಿಯನ್ನೇ ಒಂದನೇ ಗೇರಲ್ಲಿ ಹಿಂದಿನ ಟೈರ್‌ಗಳು ತಡ್ಕೊಳಲ್ಲ, ಅದರ ಮೇಲೆ ಇನ್ನೊಂದಿಷ್ಟು ಸೇರಿಸಿದ್ರೆ ಹೊಗೆ ಬರತ್ತೆ ಹೊರತು ಕಾರು ಮುಂದಕ್ಕೆ ಹೋಗಲ್ಲ. ಗ್ರಿಪ್‌ಗೆ ಹಿಡಿತ ಅಂತ ಬರೆದೆ. ಆದ್ರೆ "ಕಾರಿನ ಮೇಲೆ ಹಿಡಿತ" ಅಂದ ತಕ್ಷಣ ಕನ್ನಡದಲ್ಲಿ ಅದು ಓಡಿಸೋನ ಕಂಟ್ರೋಲ್ ಆಗತ್ತೆ, "ಹಿಡಿತ ತಪ್ಪಿ ಅಪಘಾತ" ಅಂತ ಪೇಪರಲ್ಲಿ ಓದೋದೂ ಅದೇ ಅರ್ಥದಲ್ಲಿ. ಘರ್ಷಣೆ ಅಂದ್ರೆ ಜಗಳ ನೆನಪಾಗತ್ತೆ, ಭೌತಶಾಸ್ತ್ರದಲ್ಲೂ ಅದು ಪೂರ್ತಿ ಗ್ರಿಪ್ ಅಲ್ಲ. "ಟೈರ್ ರೋಡ್ ಕಚ್ಚತ್ತೆ" ಅನ್ನೋದು ಆಡುಮಾತಲ್ಲಿ ಜೀವಂತ ಇದೆ, ಅದರಿಂದ "ಕಚ್ಚು" ಅಂತ ನಾಮಪದ ಮಾಡ್ಬಹುದಾ? ಉದಾಹರಣೆಗೆ ಈ ವಾಕ್ಯ ನೋಡಿ: "ಸಮ್ಮರ್ ಟೈರ್‌ಗಳ ರಬ್ಬರು ಸುಮಾರು 7 ಡಿಗ್ರಿಗಿಂತ ಚಳಿ ಇದ್ದಾಗ ಗಟ್ಟಿಯಾಗಿ ಕಚ್ಚು ಕಳ್ಕೊಳ್ಳತ್ತೆ, ಹಾಗಾಗಿ ವರ್ಷಪೂರ್ತಿ ಒಂದೇ ಸೆಟ್ಟಲ್ಲಿ ಓಡಿಸೋರು ಆಲ್‌ಸೀಸನ್ ನೋಡೋದೇ ಸರಿ." ನನ್ನ ಕಿವಿಗೆ ಒಪ್ಪತ್ತೆ. ಆದ್ರೆ ಕಚ್ಚು ಅಂದ್ರೆ ಮರದಲ್ಲಿ ಕೊಯ್ದ ಗೀರು ಅನ್ನೋ ಅರ್ಥನೂ ಕೆಲವು ಕಡೆ ಇದೆ, ಅದು ಅಡ್ಡ ಬರತ್ತಾ ಹೇಳಿ.

ಬ್ರೇಕ್ ವಿಷಯದಲ್ಲಿ ಕನ್ನಡವೇ ನನಗೆ ಸಹಾಯ ಮಾಡ್ತು. ಭಾರವಾದ ಕಾರು, ಉದ್ದ ಇಳಿಜಾರು, ಮತ್ತೆ ಮತ್ತೆ ಜೋರಾಗಿ ಬ್ರೇಕ್ ಒತ್ತಿದಾಗ ಪ್ಯಾಡ್ ಕಾದು ಕೆಲಸ ಕಮ್ಮಿ ಮಾಡೋದಕ್ಕೆ ಫೇಡ್ ಅಂತಾರೆ. ಮಂಕಾಗೋದು, ಮಾಸೋದು ಅಂತ ಬರೆದು ಅಳಿಸಿದೆ, ಬ್ರೇಕ್ ಸೋಲತ್ತೆ ಅನ್ನೋದೇ ಸರಿ ಅನ್ನಿಸ್ತು. ಕಾಲು ಸೋತು ಬಂತು ಅಂತೀವಲ್ಲ ಹಾಗೆ, ದಣಿದಿದೆ, ಸುಧಾರಿಸಿಕೊಂಡ್ರೆ ವಾಪಸ್ ಬರತ್ತೆ. ಬ್ರೇಕ್ ಫೇಲ್ ಅಂದ್ರೆ ಪೂರ್ತಿ ಕೈಕೊಡೋದು, ಇವೆರಡನ್ನ ಬೆರೆಸಬಾರದು. ಬ್ರೇಕ್ ಆಯಿಲ್ ಕುದ್ದು ಪೆಡಲ್ ನೆಲಕ್ಕೆ ಹೋಗೋದು ಇನ್ನೊಂದು ಬಗೆ, ಡಾಟ್ 3 ಅನ್ನೋ ದರ್ಜೆಯ ಬ್ರೇಕ್ ಆಯಿಲಿಗೆ ಹೊಸದಾಗಿದ್ದಾಗ ಕನಿಷ್ಠ ಕುದಿಬಿಂದು 205 ಡಿಗ್ರಿ, ಡಾಟ್ 4ಕ್ಕೆ 230, ನೀರು ಹೀರಿಕೊಂಡ ಮೇಲೆ 140 ಮತ್ತು 155ಕ್ಕೆ ಇಳಿಯತ್ತೆ. ಅದಕ್ಕೇ ದೊಡ್ಡ ಡಿಸ್ಕಿನ ಕಿಟ್ ಕೊಳ್ಳೋದಕ್ಕಿಂತ ಮುಂಚೆ ಒಳ್ಳೇ ಪ್ಯಾಡು, ಹೊಸ ಆಯಿಲ್ ಅಂತ ಬರೆದಿದೀನಿ. ಇಲ್ಲಿ "ಮೇಲ್ದರ್ಜೆಗೇರಿಸಿ" ಅನ್ನೋದು ಬೇಡವೇ ಬೇಡ, ಅದು ಆಸ್ಪತ್ರೆ, ರಸ್ತೆಗಳಿಗೆ ಇರ್ಲಿ, ಅಪ್‌ಗ್ರೇಡ್ ಅಂತಾನೇ ಬಿಡ್ತೀನಿ. ಸ್ಟಾಕ್ ಪಾರ್ಟಿಗೆ "ಕಂಪನಿ ಫಿಟ್ಟಿಂಗ್", ಇದಕ್ಕಿಂತ ಒಳ್ಳೇದು ಸಿಗಲ್ಲ.

ಸೈಲೆನ್ಸರ್ ಪದಾನೂ ಒಂದು ಕಷ್ಟ. ಎಕ್ಸಾಸ್ಟ್ ಅನ್ನೋ ಇಡೀ ವ್ಯವಸ್ಥೆಗೆ ನಾವು ಸೈಲೆನ್ಸರ್ ಅಂದುಬಿಡ್ತೀವಿ, ಆದ್ರೆ ಎಂಜಿನ್ನಿಗೆ ಅಂಟಿಕೊಂಡಿರೋ ಹೆಡರ್, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್, ಅದರ ಹಿಂದಿನ ಪೈಪು ಮಫ್ಲರು ಎಲ್ಲ ಬೇರೆ ಬೇರೆ. "ಸೈಲೆನ್ಸರ್ ಬದಲಾಯಿಸಿ" ಅಂತ ಬರೆದ್ರೆ ಯಾರೋ ಕನ್ವರ್ಟರ್ ಕಿತ್ತುಹಾಕ್ತಾರೆ, ಅಮೆರಿಕದ ಕ್ಲೀನ್ ಏರ್ ಆಕ್ಟ್ ಪ್ರಕಾರ ಅದು ಕಾನೂನುಬಾಹಿರ. ಕನ್ವರ್ಟರಿನಿಂದ ಹಿಂದಕ್ಕೆ ಬದಲಾಯಿಸೋ ಕಿಟ್ಟಿಂದ ಅಶ್ವಶಕ್ತಿ ಹೆಚ್ಚೋದು ಅಲ್ಪ, ದನಿ ಬದಲಾಗೋದು ಬಹಳ, ಅದನ್ನ ಹಾಗೇ ಹೇಳ್ಬೇಕು. ಆ ದನಿಯಲ್ಲಿ ಎಂಜಿನ್ ಒಂದು ಗೊತ್ತಾದ ಸ್ಪೀಡಲ್ಲಿ ಸುತ್ತೋವಾಗ ಕ್ಯಾಬಿನ್ನೆಲ್ಲ ತುಂಬ್ಕೊಂಡು ಬಿಡದೆ ಕೇಳೋ ಶಬ್ದಕ್ಕೆ ಇಂಗ್ಲಿಷಲ್ಲಿ ಡ್ರೋನ್ ಅಂತಾರೆ, ಕನ್ನಡದಲ್ಲಿ ಡ್ರೋನ್ ಅಂದ್ರೆ ಹಾರಾಡೋದು. ಗುಂಯ್‌ಗುಡೋದು ಅಂತ ಬರೆದಿದೀನಿ, ಮೊರೆತ ಅಂದ್ರೆ ಚೆಂದದ ಪದ ಆದ್ರೆ ಕಡಲಿನ ಗಾಂಭೀರ್ಯ ಬಂದು ಕಿರಿಕಿರಿ ಅನ್ನೋ ಅರ್ಥ ಹೋಗತ್ತೆ.

ಕೊನೇದು ಟ್ಯೂನ್. ಹಿಂದೆ ಟ್ಯೂನಿಂಗ್ ಅಂದ್ರೆ ಕಾರ್ಬುರೇಟರ್ ಸ್ಕ್ರೂ ತಿರುವೋದು, ಪ್ಲಗ್ ಪಾಯಿಂಟ್ ನೋಡೋದು, ಅಂದ್ರೆ ಹಾಳಾಗಿದ್ದನ್ನ ಸರಿಗೆ ತರೋದು. ಈಗಿನ ಕಾರಲ್ಲಿ ಅದು ಎಂಜಿನ್ ಕಂಪ್ಯೂಟರಿನ ಇಂಧನ ಮತ್ತು ಕಿಡಿಯ ಲೆಕ್ಕಾಚಾರವನ್ನೇ ಬದಲಾಯಿಸೋದು. 93 ಆಕ್ಟೇನಿನ ಪೆಟ್ರೋಲಿಗೆ ಮಾಡಿದ ಟ್ಯೂನಿಗೆ 87ರ ಪೆಟ್ರೋಲ್ ಹಾಕಿದ್ರೆ ನಾಕಿಂಗ್, ಅಂದ್ರೆ ಇಂಧನ ಸರಿಯಾಗಿ ಉರಿಯದೆ ಎಂಜಿನ್ ಕಟಕಟ ಅನ್ನೋದು, ಬರೋ ಅಪಾಯ ಇದೆ. "ಟ್ಯೂನ್ ಮಾಡಿಸಿ" ಅಂತ ಓದಿದೋರು ಸರ್ವಿಸ್ ಅಂದ್ಕೋಬಾರದು, ಅದಕ್ಕೆ ಶ್ರುತಿ ಅಂತ ಹಾಕಿದ್ರೆ ಸಂಗೀತ ಆಗತ್ತೆ, ಮರುಲೆಕ್ಕ ಅಂದ್ರೆ ಬ್ಯಾಂಕು. ಕಚ್ಚು ಮತ್ತೆ ಈ ಟ್ಯೂನ್, ಇವೆರಡಕ್ಕೆ ನಿಮ್ಮ ಕಡೆ ಗ್ಯಾರೇಜಲ್ಲಿ ಅಥವಾ ಮನೇಲಿ ಆಡೋ ಮಾತು ಯಾವುದಾದ್ರೂ ಇದ್ರೆ, ಒಂದು ಪೂರ್ತಿ ವಾಕ್ಯದಲ್ಲಿ ಬಳಸಿ ತೋರ್ಸಿ, ಬರೀ ಪದ ಕೊಟ್ರೆ ಅದು ನಾಲಿಗೆಗೆ ಒಗ್ಗತ್ತಾ ಅನ್ನೋದು ಗೊತ್ತಾಗಲ್ಲ.