ಪದಚರ್ಚೆ: ‘ಅಗತ್ಯ ತೈಲ’, ‘ವಿಕರ್ಷಕ’, ‘ನುಸಿ’

ಎಲ್ಲರಿಗೂ ನಮಸ್ಕಾರ.

ಜೋಳ, ತೊಗರಿ ಕೂಡಿಡುವ ರೈತರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಗಿಡಗಳಿಂದ ಬಟ್ಟಿ ಇಳಿಸಿದ ಎಣ್ಣೆ ಬಳಸಿ ಕಾಳಿಗೆ ಹುಳ ಹತ್ತದಂತೆ ನೋಡಿಕೊಳ್ಳುವುದು ವಿಷಯ. ಮೂರು ಪದಗಳು ಕಾಡುತ್ತಿವೆ.

ಮೊದಲನೆಯದು ಎಸೆನ್ಷಿಯಲ್ ಆಯಿಲ್, ಅಂದರೆ ಹೀಗೆ ಬಟ್ಟಿ ಇಳಿಸಿದ ಎಣ್ಣೆ. ಅಂತರ್ಜಾಲದಲ್ಲಿ ‘ಅಗತ್ಯ ತೈಲ’ ಧಾರಾಳವಾಗಿ ಸಿಗುತ್ತದೆ. ಯಾರಿಗೆ ಅಗತ್ಯ? ಇಲ್ಲಿನ ಎಸೆನ್ಷಿಯಲ್ ‘ಎಸೆನ್ಸ್’ಗೆ ಸೇರಿದ್ದು, ಬೇಕೇಬೇಕು ಅನ್ನುವುದಕ್ಕಲ್ಲ. ‘ಸಾರಭೂತ ತೈಲ’ ಆ ಮಟ್ಟಿಗೆ ಸರಿ, ಆದರೆ ಓದಿದವರಿಗೆ ಏನೂ ಹೊಳೆಯುವುದಿಲ್ಲ. ‘ಸುಗಂಧ ತೈಲ’ ಅಂದರೆ ತಲೆಗೆ ಹಚ್ಚುವ ಎಣ್ಣೆ ಅಂದುಕೊಳ್ಳುತ್ತಾರೆ. ಮೇಲಾಗಿ ಬೆಳ್ಳುಳ್ಳಿ ಎಣ್ಣೆಯೂ ಈ ಗುಂಪಿನದೇ. ಅದನ್ನು ಸುಗಂಧ ಅನ್ನೋಕೆ ಧೈರ್ಯ ಬೇಕು!

ಹೆಸರು ತಪ್ಪಿದರೆ ಬಳಕೆಯೂ ತಪ್ಪುತ್ತದೆ ಅನ್ನೋದು ನನ್ನ ಚಿಂತೆ. ನಮ್ಮಲ್ಲಿ ತೊಗರಿಗೆ ಹರಳೆಣ್ಣೆ ಸವರಿ ಇಡುವ ರೂಢಿ ಇದೆ. ಅದು ಕಾಳಿನ ಮೇಲೆ ಪದರವಾಗಿ ಕೂತು ಕೆಲಸ ಮಾಡುತ್ತದೆ. ಹೆಸರುಕಾಳು, ಅಲಸಂದೆಯ ಮೇಲೆ ಬಿಳಿ ಚುಕ್ಕೆ ಕಾಣುತ್ತದಲ್ವಾ, ಅದು ಹುಳ ಸಿಪ್ಪೆಗೆ ಅಂಟಿಸಿದ ಮೊಟ್ಟೆ. ಎಣ್ಣೆ ಸವರಿದ್ದರೆ ಮೊಟ್ಟೆ ಸರಿಯಾಗಿ ಅಂಟುವುದಿಲ್ಲ, ಅಂಟಿದರೂ ಒಳಗೆ ಗಾಳಿಯಾಡುವುದಿಲ್ಲ. ನೀಲಗಿರಿ, ಲವಂಗ, ಮಜ್ಜಿಗೆಹುಲ್ಲು, ಬಜೆ ಎಣ್ಣೆಗಳ ದಾರಿಯೇ ಬೇರೆ. ಅವು ಆವಿಯಾಗಿ ಕಾಳಿನ ಸಂದಿಗೆ ಇಳಿಯಬೇಕು. (ಬಜೆ ಎಣ್ಣೆ ಬಿತ್ತನೆ ಬೀಜಕ್ಕಿರಲಿ, ಊಟದ ಕಾಳಿಗೆ ಬೇಡ. ಅದರಲ್ಲಿ ಬೀಟಾ-ಅಸರೋನ್ ಎಂಬ ಹಾನಿಕರ ಅಂಶ ಇದೆ.)

ಬೇಕಾದರೆ ಕಾಗದದ ಮೇಲೆ ಹರಳೆಣ್ಣೆ ಒಂದು ಹನಿ, ನೀಲಗಿರಿ ಎಣ್ಣೆ ಒಂದು ಹನಿ ಹಾಕಿ ಬಿಡಿ. ಮೊದಲನೆಯದರ ಜಿಡ್ಡು ಹಾಗೇ ಉಳಿಯುತ್ತದೆ. ಎರಡನೆಯದು ಸ್ವಲ್ಪ ಹೊತ್ತಿಗೆ ಮಾಯ. ಅಂದಮೇಲೆ ಬಾಯಿ ತೆರೆದ ಚೀಲಕ್ಕೆ ಇದನ್ನು ಹಾಕಿದರೆ ಸುಮ್ನೆ ದಂಡ. ಮುಚ್ಚಳ ಬಿಗಿಯಾದ ಡಬ್ಬಿ ಬೇಕು. ‘ತೈಲ’ ಅಂದ ಕೂಡಲೇ ಸವರೋಕೆ ಹೊರಡುವವರೇ ಜಾಸ್ತಿ.

‘ಕರ್ಪೂರ ಹಾರಿಹೋಯಿತು’ ಅನ್ನುತ್ತೇವೆ. ಆ ಜಾಡಿನಲ್ಲಿ ‘ಹಾರೆಣ್ಣೆ’ ಆದೀತೇ? ಅಥವಾ ‘ಆವಿಯೆಣ್ಣೆ’? ‘ಆರುವ ಎಣ್ಣೆ’ ಬೇಡ. ಬಣ್ಣಕ್ಕೆ ಬೆರೆಸುವ ಅಗಸೆ ಎಣ್ಣೆಯೂ ಆರುತ್ತದೆ, ಆದರೆ ಗಟ್ಟಿಯಾಗಿ ಅಲ್ಲೇ ಕೂರುತ್ತದೆ. ಹಳಗನ್ನಡದಲ್ಲಿ ಕಮ್ಮೆಲರು (ಕಂಪಿನ ಗಾಳಿ), ಕಮ್ಮಲರು (ಕಂಪಿನ ಹೂ) ಇರುವಂತೆ ‘ಕಮ್ಮೆಣ್ಣೆ’ ಕಿವಿಗೇನೋ ಹಿತ, ಆದರೆ ಬೆಳ್ಳುಳ್ಳಿ ಮತ್ತೆ ಅಡ್ಡ ಬರುತ್ತದೆ. ಸದ್ಯಕ್ಕೆ ನನ್ನ ಒಲವು ಆವಿಯೆಣ್ಣೆಯ ಕಡೆ.

ಎರಡನೆಯದು ರಿಪೆಲೆಂಟ್, ಅಂದರೆ ಹುಳ ಹತ್ತಿರ ಬರದಂತೆ ದೂರ ಸರಿಸುವ ವಸ್ತು. ‘ವಿಕರ್ಷಕ’ ಕೇಳಿದರೆ ಅಯಸ್ಕಾಂತದ ಪಾಠ ನೆನಪಾಗುತ್ತದೆ. ‘ಕೀಟನಾಶಕ’ ಅನ್ನೋ ಹಾಗಿಲ್ಲ. ಇದನ್ನು ಪರೀಕ್ಷಿಸುವವರು ದುಂಡನೆಯ ಸೋಸುಕಾಗದವನ್ನು ಎರಡು ಹೋಳು ಮಾಡಿ, ಒಂದಕ್ಕೆ ಮಾತ್ರ ಎಣ್ಣೆ ಸವರಿ, ಮತ್ತೆ ಜೋಡಿಸಿ, ನಡುವೆ ಹುಳ ಬಿಡುತ್ತಾರೆ. ಯಾವ ಕಡೆ ಎಷ್ಟು ಹೋದವು ಎಂದು ಎಣಿಸುತ್ತಾರೆ. ಹುಳ ಸಾಯಬೇಕಿಲ್ಲ, ಆಚೆ ಸರಿದರೆ ಸಾಕು. ಸಾಯಿಸುವ ಪರೀಕ್ಷೆ ಬೇರೆಯೇ ಇದೆ. ಹಾಗಾಗಿ ‘ಹುಳ ಅಟ್ಟುವ’ ಅಂತ ಬರೆದೆ. ಆದರೆ ಅಕ್ಕಿ, ಜೋಳದ ಮೂತಿಹುಳ ಕಾಳನ್ನು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತು ಮುಚ್ಚಿಬಿಡುತ್ತದೆ. ಒಳಗೆ ಬೆಳೆಯುತ್ತಿರುವ ಮರಿಯನ್ನು ಅಟ್ಟೋದು ಎಲ್ಲಿಗೆ? ‘ಹುಳ ಹತ್ತದಂತೆ ತಡೆಯುವ’ ಉದ್ದವಾದರೂ ಮೋಸ ಮಾಡುವುದಿಲ್ಲ. ಚಿಕ್ಕದೇನಾದರೂ ಇದ್ದರೆ ತಿಳಿಸಿ.

ಕೊನೆಯದು ನುಸಿ. ಧಾರವಾಡದ ಕಡೆ ‘ಜೋಳಕ್ಕೆ ನುಸಿ ಹತ್ತೇದ’ ಅಂದರೆ ಕಾಳಿನ ಹುಳ. ಬಟ್ಟೆಯ ನಡುವೆ ಇಡುವ ನುಸಿಗುಳಿಗೆಯೂ ಇದೆ. ಆದರೆ ಕೃಷಿ ಬರಹಗಳಲ್ಲಿ ತೆಂಗಿನ ನುಸಿ ಅಂದರೆ ಮೈಟ್, ನಾಲ್ಕೇ ಕಾಲಿನ ಕಣ್ಣಿಗೆ ಕಾಣದ ಜೀವಿ. ತೆಂಗು ಬೆಳೆಯುವ ತುಮಕೂರಿನವರು ನನ್ನ ಕೈಪಿಡಿ ಓದಿದರೆ ಗಲಿಬಿಲಿಯಾಗದೇ? ನಿಮ್ಮ ಊರಲ್ಲಿ ಕೂಡಿಟ್ಟ ಕಾಳಿನ ಹುಳಕ್ಕೆ ಏನಂತಾರೆ? ಜೋಳದ್ದಕ್ಕೂ ಹೆಸರುಕಾಳಿನದ್ದಕ್ಕೂ ಬೇರೆ ಬೇರೆ ಹೆಸರಿದ್ದರೆ ಎರಡನ್ನೂ ಊರಿನ ಹೆಸರಿನ ಜೊತೆ ಬರೆಯಿರಿ.