ಬಾರ್ಜ್‌ನ ವಿಂಚಿಗೆ ಸಿಕ್ಕಿ ಬೆರಳು ಹೋದವು: ಪರಿಹಾರ ಎಲ್ಲಿ ಕೇಳುವುದು?

ಪ್ರಶ್ನೆ (ಹಾವೇರಿ ತಾಲ್ಲೂಕು, ಮಾರ್ಚ್ 2024): ನನ್ನ ತಮ್ಮನಿಗೆ 28 ವರ್ಷ. ಉತ್ತರ ಕನ್ನಡದ ಕಡಲಿನಲ್ಲಿ ಅಲೆತಡೆಗೋಡೆ ಕಟ್ಟುವ ಬಾರ್ಜ್‌ನಲ್ಲಿ (ಚಪ್ಪಟೆ ತಳದ ದೊಡ್ಡ ದೋಣಿ) ಉಪಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದ. ತಿಂಗಳಿಗೆ 18,000 ರೂಪಾಯಿ. ಕಳೆದ ತಿಂಗಳು ಲಂಗರು ಎಳೆಯುವ ವಿಂಚಿನ (ಹಗ್ಗ ಸುತ್ತಿ ಎಳೆಯುವ ಯಂತ್ರ) ಉಕ್ಕಿನ ಹಗ್ಗಕ್ಕೆ ಕೈಗವಸು ಸಿಕ್ಕಿ ಬಲಗೈಯ ಮೂರು ಬೆರಳುಗಳು ಬುಡಸಮೇತ ಹೋದವು. 'ತಪ್ಪು ನಿನ್ನದೇ, ಐವತ್ತು ಸಾವಿರ ತೆಗೆದುಕೊಂಡು ಸಹಿ ಹಾಕು' ಎಂದು ಕೆಲಸ ಕೊಟ್ಟವರು ಹೇಳುತ್ತಿದ್ದಾರೆ. ನಾವು ಕರಾವಳಿಯ ನ್ಯಾಯಾಲಯಗಳಿಗೆ ಅಲೆಯಬೇಕೇ?

ಉತ್ತರ (ವಕೀಲ, ಹುಬ್ಬಳ್ಳಿ; 2024ರಲ್ಲಿ ಜಾರಿಯಲ್ಲಿದ್ದ ಕಾನೂನಿನಂತೆ): ಅಲೆಯಬೇಕಿಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ 21ನೇ ಕಲಮಿನಂತೆ ಗಾಯಾಳು ವಾಸಿಸುವ ಊರಿನಲ್ಲೇ ಅರ್ಜಿ ಹಾಕಬಹುದು. ಹಾವೇರಿಯ ಹಿರಿಯ ಸಿವಿಲ್ ನ್ಯಾಯಾಲಯಕ್ಕೆ ಹೋಗಿ. ಅಪಘಾತವಾದ ದಿನದಿಂದ ಎರಡು ವರ್ಷ ಅವಕಾಶವಿದೆ, ಆದರೆ ಕಾಯಬೇಡಿ.

ಲೆಕ್ಕ ನೋಡಿ. ಸಂಬಳ 18,000 ಇದ್ದರೂ ಕಾನೂನು 15,000ವನ್ನಷ್ಟೇ ಹಿಡಿಯುತ್ತದೆ. ಅದರ ಶೇ. 60 ಎಂದರೆ 9,000. 28ನೇ ವಯಸ್ಸಿಗೆ ಕಾಯ್ದೆ ನಿಗದಿಪಡಿಸಿದ ಗುಣಕ (ಗುಣಿಸುವ ಸಂಖ್ಯೆ) 211.79. ಒಂದೇ ಕೈಯ ಮೂರು ಬೆರಳು ಹೋದರೆ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ದುಡಿಮೆಯ ಶಕ್ತಿಗೆ ಶೇ. 30 ನಷ್ಟ. ಈ ಮೂರನ್ನೂ ಗುಣಿಸಿದರೆ ಒಟ್ಟು 5,71,833 ರೂಪಾಯಿ. ಚಿಕಿತ್ಸೆಯ ಖರ್ಚು ಬೇರೆ. ಅವರು ಐವತ್ತು ಸಾವಿರ ಎಂದದ್ದನ್ನು ಓದಿ ನನಗೆ ಸಿಟ್ಟು ಬಂದಿತು.

ಕೈ ತಪ್ಪಿತು, ಗಮನ ಜಾರಿತು ಎಂಬುದು ಈ ಕಾಯ್ದೆಯಲ್ಲಿ ಮಾಲೀಕರನ್ನು ಉಳಿಸದು. ಕುಡಿದಿದ್ದರೆ, ಬೇಕೆಂದೇ ಸುರಕ್ಷತಾ ಕವಚ ಕಳಚಿದ್ದರೆ ಮಾತು ಬೇರೆ. ಉಪಗುತ್ತಿಗೆದಾರ ನಾಪತ್ತೆಯಾದರೂ 12ನೇ ಕಲಮಿನಡಿ ಮುಖ್ಯ ಕಂಪನಿಯೇ ಹೊಣೆ. ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ.

ಪ್ರತಿಕ್ರಿಯೆ (ವಿಂಚ್ ಆಪರೇಟರ್, ಗದಗ): ಮಳೆಗಾಲಕ್ಕೆ ಮುನ್ನ ಬಾರ್ಜ್ ಬೇರೆ ಬಂದರಿಗೆ ಹೋಗಿಬಿಡುತ್ತದೆ. ಸಂಗಡಿಗರಿಂದ ಇಂದೇ ಫೋಟೋ ತರಿಸಿ: ಹಗ್ಗ ಸುತ್ತುವ ಡ್ರಮ್ಮಿಗೆ ಕವಚ ಇತ್ತೇ, ಹಗ್ಗದ ಎಳೆ ಕಿತ್ತು ಮುಳ್ಳಿನಂತೆ ನಿಂತಿತ್ತೇ, ತುರ್ತು ನಿಲುಗಡೆ ಗುಂಡಿ ಎಲ್ಲಿತ್ತು? ಕೈಗವಸನ್ನು ಹಿಡಿದೆಳೆಯುವುದು ಆ ಮುಳ್ಳೇ.

ಪ್ರಶ್ನೆ ಕೇಳಿದವರು: ಸರ್, ಆಸ್ಪತ್ರೆಯಲ್ಲೇ ಒಂದು ಕಾಗದಕ್ಕೆ ಅವನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರಂತೆ.

ಉತ್ತರ: ಹೆದರಬೇಡಿ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ 17ನೇ ಕಲಮಿನಂತೆ ಶೂನ್ಯ. ಅಂಗವೈಕಲ್ಯ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲುಗಳು, ಸಂಬಳ ಜಮಾ ಆದ ಪಾಸ್‌ಬುಕ್ ಹಿಡಿದು ಸೋಮವಾರವೇ ತಮ್ಮನನ್ನು ಕರೆದುಕೊಂಡು ಬನ್ನಿ.